ಕೀಲಿಗೊಂಚಲು ಹಿಡಿದವರು: ಇಂಗ್ಲೆಂಡಿನ ಹಳ್ಳಿಗಾಡಿನ ದೊಡ್ಡಮನೆಗಳನ್ನು ತೋರಿಸಿದವರ ಚರಿತ್ರೆ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ನಡೆಯುವ ಪರಂಪರೆಯ ಪ್ರವಾಸಗಳ ಚರಿತ್ರೆಯನ್ನು ಸಾಮಾನ್ಯವಾಗಿ 1895ರಿಂದ, ಎಂದರೆ ಐತಿಹಾಸಿಕ ಸ್ಥಳಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಹುಟ್ಟಿದಲ್ಲಿಂದ, ಹೇಳುವ ರೂಢಿಯಿದೆ. ಇಲ್ಲವೇ ಎರಡನೆಯ ಮಹಾಯುದ್ಧ ಮುಗಿದ ಮೇಲೆ ತೆರಿಗೆಯ ಹೊರೆ ತಾಳಲಾರದೆ ಲಾರ್ಡುಗಳು ಬಾಗಿಲು ತೆರೆದು ಟಿಕೆಟ್ ಮಾರಿದ ಕತೆಯಿಂದ. ಎರಡೂ ತಡವಾದ ಆರಂಭಗಳು. ಮನೆ ತೋರಿಸುವ ಕಸುಬು ರೂಪುಗೊಂಡದ್ದು ಹದಿನೆಂಟನೆಯ ಶತಮಾನದಲ್ಲಿ. ಅದನ್ನು ರೂಪಿಸಿದವರು ಒಡೆಯರಲ್ಲ, ಅವರ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಹೌಸ್‌ಕೀಪರ್‌ಗಳು ಎಂಬುದು ಈ ಲೇಖನದ ವಾದ.

ನೋಡುವವರು ಅದಕ್ಕಿಂತ ಮೊದಲೇ ಇದ್ದರು. ಸೀಲಿಯಾ ಫೈನ್ಸ್ ಎಂಬಾಕೆ ಹದಿನೇಳನೆಯ ಶತಮಾನದ ಕೊನೆಯಲ್ಲಿ ಕುದುರೆಯ ಮೇಲೆ ಊರೂರು ಸುತ್ತಿ, ಕಂಡ ಮನೆ, ತೋಟ, ಕಾರಂಜಿಗಳನ್ನೆಲ್ಲ ಬರೆದಿಟ್ಟಳು. ಬಕಿಂಗ್‌ಹ್ಯಾಮ್‌ಶೈರಿನ ಸ್ಟೋ ತೋಟಕ್ಕೆ ಬರುವವರು ಉಳಿದುಕೊಳ್ಳಲೆಂದೇ ಲಾರ್ಡ್ ಕಾಬಮ್ 1717ರಲ್ಲಿ ಒಂದು ತಂಗುಮನೆ ಕಟ್ಟಿಸಿದ. 1744ರಲ್ಲಿ ಬಕಿಂಗ್‌ಹ್ಯಾಮ್ ಪಟ್ಟಣದ ಬೆಂಟನ್ ಸೀಲಿ ಅದೇ ತೋಟಕ್ಕೊಂದು ಕೈಪಿಡಿ ಅಚ್ಚು ಹಾಕಿಸಿದ. ಸುಂದರ ಅಕ್ಷರ ಬರೆಯುವುದನ್ನು ಕಲಿಸುತ್ತಿದ್ದ ಮೇಷ್ಟ್ರು ಆತ. ಆದರೆ ತೋಟವನ್ನು ಪುಸ್ತಕ ಹಿಡಿದು ನೋಡಬಹುದಿತ್ತು. ಮನೆಯೊಳಗೆ ಹೋಗಲು ಕೀಲಿಗೊಂಚಲು ಹಿಡಿದವಳೇ ಬರಬೇಕಿತ್ತು.

ಡರ್ಬಿಶೈರಿನ ಕೆಡಲ್‌ಸ್ಟನ್ ಹಾಲ್‌ನ ಮಿಸೆಸ್ ಗಾರ್ನೆಟ್ ಈ ವರ್ಗದ ಅತ್ಯುತ್ತಮ ದಾಖಲೆ. 1809ರಲ್ಲಿ ತೀರಿಕೊಳ್ಳುವವರೆಗೂ ಆಕೆ ಅಲ್ಲಿ ಹೌಸ್‌ಕೀಪರ್. ಥಾಮಸ್ ಬಾರ್ಬರ್ ಬರೆದ ಆಕೆಯ ಭಾವಚಿತ್ರ ಅದೇ ಮನೆಯಲ್ಲಿದೆ. ಸೇವಕಿಯೊಬ್ಬಳನ್ನು ಕೂರಿಸಿ ತೈಲಚಿತ್ರ ಬರೆಸುವುದೇ ಅಪರೂಪ. ಇಲ್ಲಿ ಆಕೆಯ ಕೈಯಲ್ಲಿರುವುದು ಕೆಡಲ್‌ಸ್ಟನ್ನಿನ ಕಲಾಕೃತಿಗಳ ಪಟ್ಟಿ. ಮನೆ ಆಕೆಯನ್ನು ಗುರುತಿಸಿದ್ದು ತೋರಿಸುವವಳೆಂದೇ. 1777ರಲ್ಲಿ ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ ಜತೆ ಬಂದಿದ್ದ ಅವನ ಜೀವನಚರಿತ್ರೆಕಾರ ಬಾಸ್ವೆಲ್, ತಮಗೆ ಮನೆ ತೋರಿಸಿದ ಹೌಸ್‌ಕೀಪರ್‌ಳ ಒಳ್ಳೆಯ ಉಡುಪನ್ನೂ ಸ್ಪಷ್ಟ ಉಚ್ಚಾರಣೆಯನ್ನೂ ಮರೆಯದೆ ದಾಖಲಿಸಿದ್ದಾನೆ. ಜಾನ್ಸನ್‌ಗೆ ಮಾತ್ರ ಮನೆ ಹಿಡಿಸಲಿಲ್ಲ. ಇದು ಟೌನ್ ಹಾಲ್‌ಗೆ ಲಾಯಕ್ಕು ಎಂದುಬಿಟ್ಟ.

ಈ ದರ್ಶನ ಪುಕ್ಕಟೆಯಲ್ಲ. ಹೊರಡುವಾಗ ಹೌಸ್‌ಕೀಪರ್‌ಳ ಕೈಗೆ ಭಕ್ಷೀಸು ಇಡಲೇಬೇಕು. ಟ್ವಿಕನಮ್‌ನ ಸ್ಟ್ರಾಬೆರಿ ಹಿಲ್‌ನಲ್ಲಿ ಆ ಮನೆಯ ಒಡೆಯ, ಲೇಖಕ ಹೊರೇಸ್ ವಾಲ್‌ಪೋಲ್, ತನ್ನ ಹೌಸ್‌ಕೀಪರ್ ಮಾರ್ಗರೆಟ್‌ಳ ಗಳಿಕೆ ಕಂಡು, ಅವಳನ್ನೇ ಮದುವೆಯಾಗಿದ್ದರೆ ಖರ್ಚು ಹುಟ್ಟುತ್ತಿತ್ತೇನೋ ಎಂಬ ಧಾಟಿಯಲ್ಲಿ ತಮಾಷೆ ಮಾಡಿದ್ದಾನೆ. ಜನರ ಕಾಟ ತಾಳಲಾರದೆ ನಿಯಮಗಳನ್ನೂ ಅಚ್ಚು ಹಾಕಿಸಿದ: ಮೇ 1ರಿಂದ ಅಕ್ಟೋಬರ್ 1ರವರೆಗೆ ಮಾತ್ರ ಪ್ರವೇಶ, ದಿನಕ್ಕೊಂದೇ ತಂಡ, ತಂಡದಲ್ಲಿ ನಾಲ್ಕೇ ಜನ, ಮಕ್ಕಳಿಗೆ ಬಾಗಿಲಿಲ್ಲ. ಮನೆ ಛತ್ರವಾಯಿತೆಂದು ಗೊಣಗುತ್ತಲೇ ಅದರ ವರ್ಣನೆಯ ಪುಸ್ತಕವನ್ನು ಸ್ವಂತ ಮುದ್ರಣಾಲಯದಲ್ಲಿ ಅಚ್ಚು ಮಾಡಿಸಿದವನೂ ಇವನೇ. ಹಾಗಾಗಿ ಆ ಗೊಣಗಾಟವನ್ನು ಪೂರ್ತಿ ನಂಬಬೇಕಿಲ್ಲ.

ಅನ್ನ ಕೊಟ್ಟ ಮನೆಯ ಬಗ್ಗೆ ಹೌಸ್‌ಕೀಪರ್ ಏನು ಹೇಳಿಯಾಳು? 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ನಾಯಕಿ ಎಲಿಜಬೆತ್ ಡಾರ್ಸಿಯ ಮನೆ ಪೆಂಬರ್ಲಿ ನೋಡಲು ಹೋಗುತ್ತಾಳೆ, ಅಲ್ಲಿನ ಹೌಸ್‌ಕೀಪರ್ ಮಿಸೆಸ್ ರೆನಾಲ್ಡ್ಸ್ ಒಡೆಯನನ್ನು ಹೊಗಳಿದ ರೀತಿಗೆ ಡಾರ್ಸಿಯ ಬಗ್ಗೆ ಅವಳಿಗಿದ್ದ ಅಭಿಪ್ರಾಯವೇ ಅಲುಗಾಡುತ್ತದೆ. ಕಾದಂಬರಿ ಚರಿತ್ರೆಯ ಆಕರವಲ್ಲ, ನಿಜ. ಆದರೂ ಆ ಸನ್ನಿವೇಶವನ್ನು ಓದುಗರಿಗೆ ವಿವರಿಸುವ ಅಗತ್ಯ ಜೇನ್ ಆಸ್ಟೆನ್‌ಗೆ ಕಾಣಲಿಲ್ಲ ಎಂಬುದು ಗಮನಾರ್ಹ. ಅಪರಿಚಿತರ ಮನೆಗೆ ಹೋಗಿ ಒಡೆಯನ ಗುಣಗಾನ ಕೇಳಿಬರುವುದು ಅಷ್ಟು ಮಾಮೂಲಾಗಿತ್ತು.

ರೈಲು ಬಂದ ಮೇಲೆ ನೋಡುವವರ ವರ್ಗ ಬದಲಾಯಿತು. 1849ರಲ್ಲಿ ಹಳಿ ಡರ್ಬಿಶೈರಿನ ರೌಸ್ಲಿ ತಲುಪಿತು. ಸಮೀಪದ ಚಾಟ್ಸ್‌ವರ್ತ್‌ಗೆ ಕಾರ್ಖಾನೆ ಊರುಗಳ ಜನ ಸಾವಿರಗಟ್ಟಲೆ ಬಂದರು. ಯಾರೇ ಬಂದರೂ ಕಾರಂಜಿಗಳನ್ನು ಹಾರಿಸಬೇಕೆಂಬುದು ಅಲ್ಲಿನ ಒಡೆಯ, ಡೆವನ್‌ಶೈರಿನ ಆರನೆಯ ಡ್ಯೂಕನ ಅಪ್ಪಣೆ. ಶತಮಾನದ ಕೊನೆಗೆ ಕೃಷಿ ಕುಸಿದು, ಜಮೀನಿನ ಹುಟ್ಟುವಳಿ ಇಳಿದು, ಎಷ್ಟೋ ಮನೆಗಳ ಬಾಗಿಲು ಮುಚ್ಚಿದವು.

ಅವು ಮತ್ತೆ ತೆರೆದದ್ದು ಬೇರೆ ಕರಾರಿನ ಮೇಲೆ. 1937ರ ಕಾಯ್ದೆಯ ಬಲದಿಂದ ದೊಡ್ಡಮನೆಗಳು ನ್ಯಾಷನಲ್ ಟ್ರಸ್ಟ್‌ಗೆ ಸೇರತೊಡಗಿದವು. ಒಡೆಯರ ಕುಟುಂಬ ಒಂದು ಭಾಗದಲ್ಲಿ ವಾಸವಿರಬಹುದು, ಜನರಿಗೆ ನೋಡಲು ಬಿಡಬೇಕು. 1949ರಲ್ಲಿ ಲಾರ್ಡ್ ಬಾತ್ ತನ್ನ ಮನೆ ಲಾಂಗ್‌ಲೀಟ್‌ಗೆ ಟಿಕೆಟ್ ಇಟ್ಟ. ಭಕ್ಷೀಸು ಟಿಕೆಟ್ಟಾಗಿ, ಹಣ ತೋರಿಸುವವರ ಕೈತಪ್ಪಿತು. ಇಂದು ಟ್ರಸ್ಟಿನ ಕೋಣೆಗಳಲ್ಲಿ ನಿಂತು ವಿವರಿಸುವವರಲ್ಲಿ ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು, ಅನೇಕರು ನಿವೃತ್ತರು. ಹೌಸ್‌ಕೀಪರ್‌ಳ ಕೆಲಸದಲ್ಲಿ ಮಾತು ಉಳಿಯಿತು, ಗಳಿಕೆ ಹೋಯಿತು.

ಅವಳು ಸಾಮಾನ್ಯವಾಗಿ ತೋರಿಸದ ಅಡುಗೆಮನೆ ಮಾತ್ರ ಈಗ ಮುಂದೆ ಬಂದಿದೆ. ಎಸೆಕ್ಸ್‌ನ ಆಡ್ಲಿ ಎಂಡ್‌ನಲ್ಲಿ 1880ರ ದಶಕದ ಅಡುಗೆಯಾಕೆ ಏವಿಸ್ ಕ್ರೋಕೊಂಬ್‌ಳ ಪಾತ್ರವನ್ನು, ಆ ಕಾಲದ ಉಡುಪಿನಲ್ಲಿ, ಜನರೆದುರು ಅಭಿನಯಿಸುತ್ತಾರೆ. ಇದಕ್ಕೆ ಆಧಾರ ಏವಿಸ್‌ಳ ಕೈಬರಹದ ಅಡುಗೆ ಪುಸ್ತಕ. ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ವಿಡಿಯೊಗಳಿಂದ ಆಕೆ ಒಡೆಯ ಲಾರ್ಡ್ ಬ್ರೇಬ್ರೂಕ್‌ಗಿಂತ ಹೆಚ್ಚು ಪ್ರಸಿದ್ಧಳು.

ಒಲೆ, ತಪಲೆ ತೋರಿಸುವುದು ಸುಲಭ. ಸಾಮ್ರಾಜ್ಯವನ್ನು ತೋರಿಸುವುದು ಕಷ್ಟ. ಕೆಡಲ್‌ಸ್ಟನ್ ಲಾರ್ಡ್ ಕರ್ಜನ್‌ನ ಹುಟ್ಟುಮನೆ. ವೈಸ್‌ರಾಯ್ ಆಗಿದ್ದಾಗ ಬಿಜಾಪುರದ ಮಸೀದಿಗಳೊಳಗಿದ್ದ ಡಾಕ್ ಬಂಗಲೆ, ಅಂಚೆ ಕಚೇರಿಗಳನ್ನು ತೆರವು ಮಾಡಿಸಿದವನು, 1904ರ ಪ್ರಾಚೀನ ಸ್ಮಾರಕ ರಕ್ಷಣೆಯ ಕಾಯ್ದೆ ತಂದವನು ಅವನು. ಮರುವರ್ಷ ಬಂಗಾಳವನ್ನು ಒಡೆದವನೂ ಅವನೇ. ಅವನು ಏಷ್ಯಾದಿಂದ ಒಯ್ದ ವಸ್ತುಗಳು ಕೆಡಲ್‌ಸ್ಟನ್ನಿನ ಮ್ಯೂಸಿಯಮ್ಮಿನಲ್ಲಿವೆ. 1903ರ ದಿಲ್ಲಿ ದರ್ಬಾರಿನಲ್ಲಿ ಅವನ ಹೆಂಡತಿ ಮೇರಿ ಉಟ್ಟ ನವಿಲುಗರಿ ವಿನ್ಯಾಸದ ಉಡುಪೂ ಆ ಮನೆಯ ಸಂಗ್ರಹದಲ್ಲಿದೆ. ಜರಿ ಕಸೂತಿ ಭಾರತದ ಕುಶಲಕರ್ಮಿಗಳದು. ಪ್ರತಿ ಗರಿಯ ಕಣ್ಣಿನಲ್ಲೂ ಹಸಿರಾಗಿ ಮಿರುಗುವ ದುಂಬಿರೆಕ್ಕೆ. ಆ ಕಸೂತಿ ಹಾಕಿದ ಕೈಗಳ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ.

ವಸಾಹತು ಆಳ್ವಿಕೆ ಹಾಗೂ ಗುಲಾಮಗಿರಿಯೊಂದಿಗೆ ತನ್ನ 93 ಸ್ಥಳಗಳಿಗಿರುವ ನಂಟನ್ನು ಟ್ರಸ್ಟ್ 2020ರಲ್ಲಿ ವರದಿಯಾಗಿ ಪ್ರಕಟಿಸಿದಾಗ ಪತ್ರಿಕೆಗಳಲ್ಲೂ ಪಾರ್ಲಿಮೆಂಟಿನಲ್ಲೂ ಗದ್ದಲವೆದ್ದಿತು. ವಿರೋಧಿಸಿದವರ ಬೇಡಿಕೆಯನ್ನು ಬಿಡಿಸಿ ನೋಡಿದರೆ, ಅವರಿಗೆ ಬೇಕಿದ್ದದ್ದು ಮಿಸೆಸ್ ಗಾರ್ನೆಟ್‌ಳಂಥವರು ತೋರಿಸುತ್ತಿದ್ದ ಮನೆ: ಚಿತ್ರ ಬರೆದವನ ಹೆಸರು, ಅಮೃತಶಿಲೆಯ ಊರು, ಒಡೆಯನ ಔದಾರ್ಯ.