ಮಿಸ್ಸಿಂಗ್ ಹೊಡೆಯುವ ಎಂಜಿನ್ನೂ ಮಿನುಗುವ ದೀಪವೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳ ಗ್ಯಾರೇಜುಗಳಲ್ಲಿ ಒಂದು ಕಾಲಕ್ಕೆ ಕಾರಿನ ರೋಗವನ್ನು ಕಿವಿಯಿಂದಲೇ ಕಂಡುಹಿಡಿಯುತ್ತಿದ್ದರು. ಅಂಬಾಸಿಡರೋ ಪ್ರೀಮಿಯರ್ ಪದ್ಮಿನಿಯೋ ನಿಂತಲ್ಲೇ ಗಡಗಡ ನಡುಗಿದರೆ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ‘ಮಿಸ್ಸಿಂಗ್’ ಎನ್ನುತ್ತಿದ್ದ. ನಾಲ್ಕು ಸಿಲಿಂಡರುಗಳ ಪೈಕಿ ಒಂದರಲ್ಲಿ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ ಎಂದು ಇದರರ್ಥ. ಯಾವುದು ಎಂದು ತಿಳಿಯಲು ಎಂಜಿನ್ ಓಡುತ್ತಿರುವಾಗಲೇ ಪ್ಲಗ್ಗುಗಳ ತಂತಿಯನ್ನು ಒಂದೊಂದಾಗಿ ಕೀಳುವುದು ರೂಢಿ. ತಂತಿ ಕಿತ್ತಾಗ ಸದ್ದು ಇನ್ನಷ್ಟು ಕೆಟ್ಟರೆ ಆ ಸಿಲಿಂಡರು ಕೆಲಸ ಮಾಡುತ್ತಿದೆ. ಕಿತ್ತರೂ ಏನೂ ಬದಲಾಗದಿದ್ದರೆ ಸೋಮಾರಿ ಅದೇ. ಪ್ಲಗ್ ಬಿಚ್ಚಿ, ಮಸಿ ಉಜ್ಜಿ, ತುದಿಯ ಸಂದು ಸರಿಪಡಿಸಿದರೆ ಬಹುಪಾಲು ಗಾಡಿಗಳು ರಸ್ತೆಗಿಳಿಯುತ್ತಿದ್ದವು. ಹೊಸ ಪ್ಲಗ್ಗೇ ಬೇಕೆಂದರೆ ಅಂಗಡಿಯಲ್ಲಿ ಸಿಗುತ್ತಿದ್ದುದು ‘ಮೈಕೊ’. 1951ರಲ್ಲಿ ಆರಂಭವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆ ನಿಂತ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಂಪೆನಿಯ ಮಾಲು ಅದು.

ಇಂದು ಇದೇ ಮಿಸ್ಸಿಂಗ್ ಸುದ್ದಿಯನ್ನು ಹೇಳುವುದು ಸ್ಟೀರಿಂಗಿನ ಹಿಂದೆ ಮಿನುಗುವ, ಎಂಜಿನ್ ಆಕಾರದ ಹಳದಿ ದೀಪ. ಈ ದೀಪ ಎಂಜಿನ್ನಿನ ರಕ್ಷಣೆಗೆ ಹುಟ್ಟಿದ್ದು ಎಂದೇ ಹೆಚ್ಚಿನವರ ಭಾವನೆ. ವಾಸ್ತವವಾಗಿ ಅದು ಹುಟ್ಟಿದ್ದು ಗಾಳಿಯ ರಕ್ಷಣೆಗೆ.

ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು 1943ರ ಬೇಸಿಗೆಯಲ್ಲಿ ಕಣ್ಣುರಿಸುವ ಮಬ್ಬೊಂದು ಮುತ್ತಿತು. ಕಾರ್ಖಾನೆಗಳ ಹೊಗೆ ಇರಬೇಕೆಂದು ಮೊದಲು ಶಂಕಿಸಿದರು. ಅನಾನಸಿನ ಪರಿಮಳ ಎಲ್ಲಿಂದ ಬರುತ್ತದೆಂದು ಶೋಧಿಸುತ್ತಿದ್ದ ಡಚ್ ಮೂಲದ ರಸಾಯನ ವಿಜ್ಞಾನಿ ಆರಿ ಹಾಗನ್-ಸ್ಮಿಟ್ ಆ ಕೆಲಸ ಬದಿಗಿಟ್ಟು ಊರಿನ ಗಾಳಿಯನ್ನೇ ಪರೀಕ್ಷೆಗೆ ಒಡ್ಡಿದರು. ಉರಿಯದೆ ಉಳಿದ ಪೆಟ್ರೋಲಿನ ಆವಿ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿ ಓಜೋನ್ ಆಗುತ್ತವೆ, ಇದಕ್ಕೆ ಮುಖ್ಯ ಕಾರಣ ಮೋಟಾರುಗಳು ಎಂದು ಅವರು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಕಾರು ತಯಾರಕರು ಸುಲಭವಾಗಿ ಒಪ್ಪಲಿಲ್ಲವೆಂದು ಬೇರೆ ಹೇಳಬೇಕಿಲ್ಲ. 1970ರ ಕಾಯಿದೆಯ ನಂತರ, 1975ರ ಮಾದರಿಗಳಿಂದ ಅಲ್ಲಿನ ಕಾರುಗಳ ಹೊಗೆಕೊಳವೆಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂದಿತು. ಅದು ಕೆಟ್ಟರೆ ಚಾಲಕನಿಗೆ ಗೊತ್ತಾಗುವುದಾದರೂ ಹೇಗೆ? ಕಾರೇ ತನ್ನನ್ನು ಪರೀಕ್ಷಿಸಿಕೊಂಡು ದೀಪ ಹಚ್ಚಿ ಹೇಳಬೇಕೆಂದು ಕ್ಯಾಲಿಫೋರ್ನಿಯಾ ಸರ್ಕಾರ 1988ರ ಮಾದರಿಗಳಿಂದ ನಿಯಮ ತಂದಿತು. 1996ರಲ್ಲಿ ಇದರ ಸುಧಾರಿತ ರೂಪ ಇಡೀ ಅಮೆರಿಕಕ್ಕೆ ಕಡ್ಡಾಯವಾಯಿತು. ಎಲ್ಲ ಕಂಪೆನಿಗಳ ಕಾರಿಗೂ ಒಂದೇ ಬಗೆಯ ಸಂಕೇತಗಳು ಬಂದದ್ದು ಆಗಲೇ.

ಭಾರತದಲ್ಲಿ 1995ರ ಏಪ್ರಿಲಿನಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು, ಜೊತೆಗೆ ಸೀಸರಹಿತ ಪೆಟ್ರೋಲು ಬಂದಿತು. ಸೀಸ ಬೆರೆತ ಪೆಟ್ರೋಲು ಕನ್ವರ್ಟರಿಗೆ ವಿಷ. ಭಾರತ್ ಸ್ಟೇಜ್ 4 ಮಾನದಂಡ 2010ರಲ್ಲಿ ಬೆಂಗಳೂರೂ ಸೇರಿದಂತೆ 13 ನಗರಗಳಿಗೆ ಅನ್ವಯವಾದರೆ, ಉಳಿದ ದೇಶಕ್ಕೆ ಹಂತಹಂತವಾಗಿ ಬಂದು 2017ರ ಏಪ್ರಿಲಿನಲ್ಲಿ ಎಲ್ಲೆಡೆ ಅನ್ವಯವಾಯಿತು. ದಾವಣಗೆರೆ ಜಿಲ್ಲೆಯ ಈ ತಾಲ್ಲೂಕುಗಳು ಆ ‘ಉಳಿದ ದೇಶ’ದೊಳಗಿದ್ದವು. ಜಗಳೂರಿನವರ ಶ್ವಾಸಕೋಶ ಬೇರೆ ವಸ್ತುವಿನಿಂದ ಮಾಡಿದ್ದೇನೂ ಅಲ್ಲ. ಆದರೂ ಕೆಲವು ವರ್ಷ ಕಾನೂನಿನ ಲೆಕ್ಕ ಹಾಗಿತ್ತು. 2020ರಲ್ಲಿ ಆರನೆಯ ಸ್ಟೇಜ್ ಮಾತ್ರ ಎಲ್ಲೆಡೆ ಒಟ್ಟಿಗೇ ಬಂದಿತು.

ಇನ್ನು ದೀಪದ ಭಾಷೆ. ಎಡೆಬಿಡದೆ ಉರಿಯುತ್ತಿದ್ದರೆ ಎಲ್ಲೋ ದೋಷವಿದೆ, ಆದಷ್ಟು ಬೇಗ ತೋರಿಸಿ ಎಂದರ್ಥ. ಮಿನುಗತೊಡಗಿದರೆ ಮಾತು ಬೇರೆ. ಎಂಜಿನ್ನಿನ ಕ್ರ್ಯಾಂಕ್ ದಂಡದ ಬಳಿ ಒಂದು ಸೆನ್ಸರ್ ಇರುತ್ತದೆ. ಪ್ರತಿ ಸಿಲಿಂಡರಿನ ಸ್ಫೋಟವೂ ದಂಡವನ್ನು ಒಮ್ಮೆ ನೂಕಬೇಕು. ಒಂದು ನೂಕು ತಪ್ಪಿದರೆ ದಂಡ ಕ್ಷಣದ ಸಣ್ಣ ಭಾಗದಷ್ಟು ತಡವರಿಸುತ್ತದೆ. ಸೆನ್ಸರ್ ಅದನ್ನೇ ಹಿಡಿಯುತ್ತದೆ. ಹಳೆಯ ಮೆಕ್ಯಾನಿಕ್‌ನ ಕಿವಿ ಕೇಳುತ್ತಿದ್ದುದೂ ಈ ತಡವರಿಕೆಯನ್ನೇ. ತಪ್ಪಿದ ಸ್ಫೋಟಗಳು ಹೆಚ್ಚಾದಾಗ ಉರಿಯದ ಪೆಟ್ರೋಲು ನೇರ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಪಿಂಗಾಣಿಯ ಜೇನುಗೂಡು ಅದು. ಶಾಖ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೇಪ ಹಾಳಾಗುತ್ತದೆ. ಇನ್ನೂ ಏರಿದರೆ ಗೂಡೇ ಕರಗಿ ಹೊಗೆಯ ದಾರಿ ಕಟ್ಟಿಕೊಳ್ಳುತ್ತದೆ. ಪ್ಲಗ್ಗಿಗೆ ಕೆಲವು ನೂರು ರೂಪಾಯಿ, ಕನ್ವರ್ಟರಿಗೆ ಹತ್ತಾರು ಸಾವಿರ. ಆದ್ದರಿಂದ ದೀಪ ಮಿನುಗಿದೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ನಿಧಾನವಾಗಿ ಓಡಿಸಿದರೂ ಮಿನುಗು ನಿಲ್ಲದಿದ್ದರೆ ಗಾಡಿಯನ್ನು ರಸ್ತೆಬದಿಗೆ ನಿಲ್ಲಿಸುವುದೇ ಲೇಸು. ಜಗಳೂರಿನಿಂದ ದಾವಣಗೆರೆಗೋ ನ್ಯಾಮತಿಯಿಂದ ಶಿವಮೊಗ್ಗಕ್ಕೋ ‘ಹೇಗೂ ಹೋಗಿ ಸೇರಿಬಿಡೋಣ’ ಎಂದು ಅವಸರಿಸಿದವರಿಗೆ ದಾರಿಖರ್ಚೇ ಭಾರಿಯಾದೀತು.

ಹೊಸ ಕಾರುಗಳಲ್ಲಿ ಪ್ಲಗ್ಗಿನ ನೆತ್ತಿಯ ಮೇಲೇ ಕಾಯಿಲ್ ಕುಳಿತಿರುತ್ತದೆ. ಇವುಗಳ ಮೇಲೆ ಎಂಜಿನ್ ಓಡುವಾಗ ತಂತಿ ಕೀಳುವ ಹಳೆಯ ವಿದ್ಯೆ ನಡೆಸಬಾರದು: ಹೊಡೆತ ಕೈಗೂ ಬೀಳುತ್ತದೆ, ಕನ್ವರ್ಟರಿಗೂ. ಬದಲಿಗೆ ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರೆ ಸಂಕೇತ ಬರುತ್ತದೆ. ಪಿ 0301 ಎಂದರೆ ಒಂದನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್, ಪಿ 0302 ಎಂದರೆ ಎರಡನೆಯದರಲ್ಲಿ. ಪಿ 0300 ಎಂದರೆ ಇಂಥದೇ ಎಂದು ಹೇಳಲಾಗದ ಮಿಸ್ಸಿಂಗ್. ಆದರೆ ಯಂತ್ರ ಹೇಳುವುದು ಮನೆಯ ನಂಬರನ್ನು ಮಾತ್ರ, ಕಳ್ಳನ ಹೆಸರನ್ನಲ್ಲ. ಸ್ಕ್ಯಾನರ್ ತೋರಿಸಿದ ಭಾಗವನ್ನೆಲ್ಲ ಕಣ್ಣುಮುಚ್ಚಿ ಬದಲಿಸುವವರು ಗಿರಾಕಿಯ ಜೇಬಿಗೆ ಕತ್ತರಿ ಹಾಕುತ್ತಾರೆ. ಬಲ್ಲವನು ಎಂಜಿನ್ ಆರಿಸಿ ಒಂದನೆಯ ಕಾಯಿಲನ್ನು ಎರಡನೆಯದರ ಜಾಗಕ್ಕೆ ಅದಲುಬದಲು ಮಾಡಿ ನೋಡುತ್ತಾನೆ. ಸಂಕೇತ 0302ಕ್ಕೆ ಜಿಗಿದರೆ ಕಾಯಿಲೇ ಕೆಟ್ಟಿದೆ. ಜಿಗಿಯದಿದ್ದರೆ ಪ್ಲಗ್, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಶನ್. ಅಡಿಕೆ, ಭತ್ತದ ಗೋದಾಮುಗಳ ಪಕ್ಕ ನಿಲ್ಲುವ ಗಾಡಿಯಾದರೆ ಇಲಿ ಕಡಿದ ತಂತಿಯನ್ನು ಮೊದಲೇ ಹುಡುಕುವುದು ಒಳ್ಳೆಯದು. ಒಂದೊಂದನ್ನೇ ಬದಲಿಸಿ ಪರಿಣಾಮ ನೋಡುವ ಈ ಕ್ರಮ ಅಂಬಾಸಿಡರಿನ ಕಾಲದ್ದೇ.

ಬ್ಯಾಟರಿ ತಂತಿ ಬಿಚ್ಚಿ ದೀಪ ಆರಿಸಿಕೊಡುವವರೂ ಇದ್ದಾರೆ. ದೋಷ ಕಂಡ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿಯಾಗಿತ್ತು, ಎಷ್ಟು ವೇಗದಲ್ಲಿ ತಿರುಗುತ್ತಿತ್ತು ಎಂಬ ಟಿಪ್ಪಣಿಯೂ ಅದರೊಂದಿಗೆ ಅಳಿಸಿಹೋಗಬಹುದು, ಮುಂದಿನ ಮೆಕ್ಯಾನಿಕ್‌ಗೆ ಸುಳಿವೇ ಉಳಿಯುವುದಿಲ್ಲ. ರಿಪೇರಿ ಸರಿಯಾಗಿದ್ದರೆ ಅದರ ಅಗತ್ಯವೂ ಇಲ್ಲ. ಸಾಮಾನ್ಯವಾಗಿ ಮೂರು ಓಡಾಟಗಳಲ್ಲಿ ಮಿಸ್ಸಿಂಗ್ ಮತ್ತೆ ಕಾಣದಿದ್ದರೆ ದೀಪ ತಾನಾಗಿಯೇ ಆರುತ್ತದೆ.