ಹಳೆಯ ಕಾರುಗಳಲ್ಲಿ ಕಾರ್ಖಾನೆಯ ಜೋಡಣಾ ವೈಚಿತ್ರ್ಯಗಳು

ಹಳೆಯ ಕಾರೊಂದನ್ನು ಪೂರ್ತಿ ಬಿಚ್ಚಿದಾಗ ಯಾವ ಕೈಪಿಡಿಯಲ್ಲೂ ಇಲ್ಲದ ತೂತು, ತೇಪೆ, ಬಣ್ಣದ ಗುರುತು ಅಥವಾ ಬೇರೆ ಮಾದರಿಯ ಬಿಡಿಭಾಗ ಸಿಗುವುದುಂಟು. ಹಿಂದೆಂದೋ ಯಾವನೋ ಮೆಕ್ಯಾನಿಕ್ ಮಾಡಿದ ಕೆಲಸವೆಂದು ಮೊದಲು ಅನಿಸುತ್ತದೆ. ಅದೇ ಕಾಲದ ಇತರ ಕಾರುಗಳಲ್ಲೂ ಅದೇ ಕಂಡರೆ ಅದು ಕಾರ್ಖಾನೆಯಲ್ಲೇ ಆದದ್ದೆಂದು ತಿಳಿಯಬೇಕು.

ಇಂಥವುಗಳಲ್ಲಿ ಕಾರಣ ಸ್ಪಷ್ಟವಾಗಿ ಗೊತ್ತಿರುವುದು ಬ್ರಿಟನ್ನಿನ ಮಾರಿಸ್ ಮೈನರ್‌ನದು. 1948ರಲ್ಲಿ ಬಿಡುಗಡೆಯಾದ ಈ ಕಾರಿನ ಆರಂಭದ ಪ್ರತಿಗಳಲ್ಲಿ ಬಂಪರನ್ನು ನಡುವೆ ಕತ್ತರಿಸಿ, ನಾಲ್ಕು ಅಂಗುಲದ ತುಂಡೊಂದನ್ನು ಸೇರಿಸಲಾಗಿದೆ. ಬಾನೆಟ್ಟಿನ ನಡುವೆಯೂ ಒಂದು ಸಪಾಟು ಪಟ್ಟಿ ಎದ್ದು ಕಾಣುತ್ತದೆ. ಕಾರು ತೀರಾ ಕಿರಿದಾಯಿತೆಂದು ವಿನ್ಯಾಸಕ ಅಲೆಕ್ ಇಸಿಗೊನಿಸ್‌ಗೆ ಕೊನೆಗಳಿಗೆಯಲ್ಲಿ ಅನಿಸಿತು. ಮಾದರಿ ಕಾರನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳುಗಳನ್ನೂ ಸರಿಸಿ ನೋಡಿ, ನಾಲ್ಕು ಅಂಗುಲದ ಅಂತರಕ್ಕೆ ಅವರು ಒಪ್ಪಿದರು. ಅಷ್ಟರಲ್ಲಿ ಹಳೆಯ ಅಳತೆಯ ಬಂಪರ್‌ಗಳು ತಯಾರಾಗಿಬಿಟ್ಟಿದ್ದವು. ಅವನ್ನು ಎಸೆಯದೆ ತೇಪೆ ಹಾಕಿ ಬಳಸಲಾಯಿತು.

ಇಸಿಗೊನಿಸ್‌ರದೇ ಇನ್ನೊಂದು ಕಾರು, 1959ರ ಮಿನಿ. ಅದರ ಮೊದಲ ಪ್ರತಿಗಳಲ್ಲಿ ನೆಲದ ತಗಡುಗಳ ಅಂಚು ಒಂದರ ಮೇಲೊಂದು ತಿರುವುಮುರುವಾಗಿ ಕೂತು, ಮಳೆಯಲ್ಲಿ ಚಾಲಕನ ಕಾಲಬುಡಕ್ಕೆ ನೀರು ನುಗ್ಗುತ್ತಿತ್ತು.

ಮಾದರಿ ವರ್ಷದ ನಡುವೆಯೇ ಬಿಡಿಭಾಗ ಬದಲಾಗುವುದು ಗೊಂದಲದ ಇನ್ನೊಂದು ಮೂಲ. ಫೋರ್ಡ್ ಮಸ್ಟಾಂಗ್ ತಯಾರಿಕೆ 1964ರ ಮಾರ್ಚ್‌ನಲ್ಲಿ ಡಿಯರ್‌ಬಾರ್ನ್‌ನಲ್ಲಿ ಶುರುವಾಯಿತು. ಮೊದಲ ಕೆಲವು ತಿಂಗಳ ಕಾರುಗಳಲ್ಲಿ ಜನರೇಟರ್, ಆಮೇಲಿನವುಗಳಲ್ಲಿ ಆಲ್ಟರ್ನೇಟರ್. ಕಂಪನಿಯ ಲೆಕ್ಕದಲ್ಲಿ ಎಲ್ಲವೂ 1965ರ ಮಾದರಿಯೇ. '1964½' ಎಂಬ ವಿಭಾಗ ಹವ್ಯಾಸಿಗಳು ರೂಢಿಗೆ ತಂದದ್ದು. ಕಾರಿನ ಅಡಿಭಾಗಕ್ಕೆ ಉಳಿದ ಬಣ್ಣಗಳನ್ನೆಲ್ಲ ಬೆರೆಸಿ ಬಳಿಯುತ್ತಿದ್ದುದೂ ಇತ್ತು. ಹೀಗಾಗಿ ಅಲ್ಲಿನ ಮಬ್ಬು ಬಣ್ಣಕ್ಕೆ ಹೆಸರೂ ಇಲ್ಲ, ಸಂಕೇತಸಂಖ್ಯೆಯೂ ಇಲ್ಲ.

ಬೋಲ್ಟ್ ಮೇಲಿನ ಬಣ್ಣದ ಚುಕ್ಕೆಯನ್ನು ತಪಾಸಣೆಯ ಗುರುತೆಂದು ಊಹಿಸಬಹುದು. ಕಾರಿನ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಅಂಕಿಯ ಅರ್ಥ ಹೇಳುವುದು ಅಷ್ಟು ಸುಲಭವಲ್ಲ. ಅದು ಜೋಡಣಾ ಸಾಲಿನಲ್ಲಿ ಮುಂದೆ ನಿಂತ ಕೆಲಸಗಾರನಿಗಷ್ಟೇ ಬೇಕಾಗಿದ್ದ ಸೂಚನೆ. ಅಮೆರಿಕದ ಕಾರುಗಳಲ್ಲಿ ಸೀಟಿನ ಸ್ಪ್ರಿಂಗ್‌ಗಳ ನಡುವೆ ಅಥವಾ ಪೆಟ್ರೋಲ್ ಟ್ಯಾಂಕಿನ ಮೇಲೆ ಜೋಡಣೆಯ ಆದೇಶಪತ್ರ ಸಿಗುತ್ತದೆ. ಅದು ಒಮ್ಮೊಮ್ಮೆ ಬೇರೆಯೇ ಕಾರಿನದ್ದಾಗಿರುವುದರಿಂದ, ಅದನ್ನೊಂದೇ ನಂಬಿ ಕಾರಿನ ಚರಿತ್ರೆ ಬರೆಯುವುದು ತರವಲ್ಲ.

ಕೆಲಸದ ವೇಗವನ್ನೂ ಮರೆಯುವಂತಿಲ್ಲ. ಓಹಾಯೋದ ಲಾರ್ಡ್ಸ್‌ಟೌನ್‌ನಲ್ಲಿ ಷೆವ್ರೊಲೆ ವೇಗಾ ತಯಾರಾಗುತ್ತಿದ್ದ ಸಾಲು ಗಂಟೆಗೆ ಸುಮಾರು 100 ಕಾರುಗಳ ಗತಿಯಲ್ಲಿ ಓಡುತ್ತಿತ್ತು, ಅಂದರೆ ಒಂದು ಕೆಲಸಕ್ಕೆ ಸಿಗುತ್ತಿದ್ದುದು 36 ಸೆಕೆಂಡು. 1972ರಲ್ಲಿ ಅಲ್ಲಿ ಮುಷ್ಕರವಾಯಿತು. ಕಾರುಗಳನ್ನು ಬೇಕೆಂದೇ ಕೆಡಿಸಲಾಗುತ್ತಿದೆ ಎಂದು ಆಡಳಿತ ದೂರಿದರೆ, ಈ ಓಟದಲ್ಲಿ ಕೆಲಸ ಪೂರೈಸಲಾಗದು ಎಂದು ಕೆಲಸಗಾರರು ಹೇಳಿದರು.

ಪುನರುಜ್ಜೀವನದಲ್ಲಿ ಈ ವೈಚಿತ್ರ್ಯಗಳಿಗೆ ಬೆಲೆಯಿದೆ. ಕಾರ್ವೆಟ್ ಕಾರುಗಳಿಗಾಗಿ 1974ರಲ್ಲಿ ಸ್ಥಾಪನೆಯಾದ ಅಮೆರಿಕದ ಪುನರುಜ್ಜೀವಕರ ಸಂಘ, ಕಾರು ಕಾರ್ಖಾನೆಯಿಂದ ಹೊರಬಿದ್ದ ಸ್ಥಿತಿಯನ್ನೇ ಅಳತೆಗೋಲಾಗಿಟ್ಟುಕೊಂಡು ಅಂಕ ಕೊಡುತ್ತದೆ; ಅತಿ ನಯಗಾರಿಕೆಗೂ ಅಲ್ಲಿ ಅಂಕ ಕಡಿತ. ಸೀಮೆಸುಣ್ಣದ ಗುರುತುಗಳ ನಕಲು ಮುದ್ರೆಗಳೂ ಈಗ ಮಾರಾಟಕ್ಕಿವೆ. ಆದ್ದರಿಂದ ಹಿಂದೆಂದೂ ಬಿಚ್ಚದ, ಬಣ್ಣ ಬಳಿಯದ ಕಾರನ್ನು ತೊಳೆಯುವ ಮುನ್ನವೇ ಇಂಚಿಂಚಾಗಿ ಛಾಯಾಚಿತ್ರ ತೆಗೆದು ದಾಖಲಿಸುವುದು ಬಲ್ಲವರ ಕ್ರಮ.