ಆರು ಗಿಡಗಳ ಮೊಕದ್ದಮೆ

2002ರ ಆಗಸ್ಟ್ 15ರಂದು ಕ್ಯಾಲಿಫೋರ್ನಿಯಾದ ಬ್ಯೂಟ್ ಕೌಂಟಿಯಲ್ಲಿ ಡಯೇನ್ ಮಾನ್ಸನ್ ಎಂಬ ಮಹಿಳೆಯ ಮನೆಗೆ ಎರಡು ಸರ್ಕಾರಗಳ ಅಧಿಕಾರಿಗಳು ಒಟ್ಟಾಗಿ ಬಂದರು. ಬೆನ್ನುಮೂಳೆಯ ಬೇನೆಯಿಂದ ನರಳುತ್ತಿದ್ದ ಆಕೆ ವೈದ್ಯರ ಸಲಹೆಯ ಮೇರೆಗೆ ಮನೆಯಲ್ಲಿ ಆರು ಗಾಂಜಾ ಗಿಡಗಳನ್ನು ಬೆಳೆಸಿಕೊಂಡಿದ್ದರು. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರೇ ಅಂಗೀಕರಿಸಿದ್ದ ಕಾನೂನು ಇದಕ್ಕೆ ಅವಕಾಶ ಕೊಟ್ಟಿತ್ತು. ಕೌಂಟಿಯ ಪೊಲೀಸರು ಗಿಡಗಳನ್ನು ನೋಡಿ, ರಾಜ್ಯದ ಕಾನೂನಿನ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲವೆಂದರು. ಒಕ್ಕೂಟ ಸರ್ಕಾರದ ಅಧಿಕಾರಿಗಳು ಒಪ್ಪಲಿಲ್ಲ. ಮೂರು ಗಂಟೆಗಳ ಜಗ್ಗಾಟದ ನಂತರ ಅವರು ಆರೂ ಗಿಡಗಳನ್ನು ವಶಪಡಿಸಿಕೊಂಡು ನಾಶಮಾಡಿದರು.

ನಮ್ಮ ಬಳಗದ ಕೂಟವೊಂದರಲ್ಲಿ ಈ ಪ್ರಸಂಗವನ್ನು ನಾನು ಹೇಳುತ್ತಿದ್ದಾಗ ಹಿರಿಯರೊಬ್ಬರು ತಡೆದರು. "ಮನೆಯಲ್ಲೊಬ್ಬ ವ್ಯಸನಿ ಇದ್ದವನಿಗೆ ನಿಮ್ಮ ಸ್ವಾತಂತ್ರ್ಯದ ಮಾತು ರುಚಿಸುವುದಿಲ್ಲ, ನೋಡಿ" ಎಂದರು. ಅವರ ದನಿಯಲ್ಲಿ ವಾದದ ಬಿಸಿಯಿರಲಿಲ್ಲ, ಅನುಭವದ ದಣಿವಿತ್ತು. ಅಂದು ನಾನು ಸುಮ್ಮನಾದೆ. ಈ ಬರಹ ಅವರಿಗೆ ಕೊಡಬೇಕಾಗಿದ್ದ ಉತ್ತರದ ಹುಡುಕಾಟ.

ನಾನು ಸರ್ಕಾರಿ ನೌಕರ. ಕಡತವೊಂದು ಮೇಜಿಗೆ ಬಂದಾಗ ನಾವು ಮೊದಲು ಕೇಳುವ ಪ್ರಶ್ನೆ, ಸಕ್ಷಮ ಪ್ರಾಧಿಕಾರ ಯಾವುದು ಎಂಬುದು. ಯಾವ ನಿಯಮದಡಿ, ಯಾರಿಗೆ ಅಧಿಕಾರವಿದೆ ಎಂದು ಟಿಪ್ಪಣಿ ಬರೆದರೆ ಮುಕ್ಕಾಲು ಕೆಲಸ ಮುಗಿದಂತೆ. ಹೀಗೆ ಮಾಡುವುದು ನ್ಯಾಯವೇ ಎಂಬ ಪ್ರಶ್ನೆಗೆ ಟಿಪ್ಪಣಿಯ ಹಾಳೆಯಲ್ಲಿ ಜಾಗವಿರುವುದಿಲ್ಲ. ಅಮೆರಿಕದ ಮಾದಕದ್ರವ್ಯ ಕಾನೂನಿನ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಪರಿಚಿತವಾದದ್ದೇ ಕಾಣತೊಡಗಿತು. ವ್ಯಕ್ತಿಸ್ವಾತಂತ್ರ್ಯದ ಹೆಸರಿನಲ್ಲಿ ಹುಟ್ಟಿದ ಆ ದೇಶ ನೂರು ವರ್ಷಗಳಿಗೂ ಹೆಚ್ಚು ಕಾಲ ಮೊದಲನೆಯ ಪ್ರಶ್ನೆಗೆ ಉತ್ತರಿಸುತ್ತಾ ಎರಡನೆಯದನ್ನು ಬಹುಮಟ್ಟಿಗೆ ಮುಂದೂಡುತ್ತಲೇ ಬಂದಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರಶ್ನೆಗಳಿಗೆ ಆಸ್ಪದವೇ ಕಡಿಮೆ. ಎಂ.ಎ. ತರಗತಿಯಲ್ಲಿ ನಾವು ಓದಿದ ಥಾಮಸ್ ಡಿ ಕ್ವಿನ್ಸಿ ತನ್ನ ಅಫೀಮಿನ ಚಟದ ಕಥೆಯನ್ನು 1821ರಲ್ಲಿ ಪ್ರಕಟಿಸಿದಾಗ ಲಂಡನ್ನಿನ ಯಾವ ಪೊಲೀಸನೂ ಅವನ ಬಾಗಿಲು ಬಡಿಯಲಿಲ್ಲ. 1859ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಸ್ವಾತಂತ್ರ್ಯದ ಬಗ್ಗೆ ಬರೆದ ಗ್ರಂಥದಲ್ಲಿ, ಪರರಿಗೆ ಹಾನಿಯಾಗುವುದನ್ನು ತಡೆಯಲು ಮಾತ್ರ ಸಮಾಜವು ವ್ಯಕ್ತಿಯ ಮೇಲೆ ಬಲ ಪ್ರಯೋಗಿಸಬಹುದೆಂಬ ತತ್ತ್ವವನ್ನು ಮಂಡಿಸಿದ. ಅಮೆರಿಕದ ಕೆಲವು ರಾಜ್ಯಗಳು ಜಾರಿಗೆ ತಂದಿದ್ದ ಪಾನನಿಷೇಧವನ್ನು ಅದರಲ್ಲಿಯೇ ಟೀಕಿಸಿದ. ಅಮೆರಿಕದಲ್ಲಿಯೂ ಆಗ ಅಫೀಮು ಬೆರೆತ ಔಷಧಗಳು ಅಂಗಡಿಗಳಲ್ಲಿ ಸಲೀಸಾಗಿ ದೊರೆಯುತ್ತಿದ್ದವು. ಕೊಳ್ಳುವವರಲ್ಲಿ ಗೃಹಿಣಿಯರಿದ್ದರು, ಯುದ್ಧದಿಂದ ಮರಳಿದ ಸೈನಿಕರಿದ್ದರು. ಅವರ ಚಟ ದುರದೃಷ್ಟವೆನಿಸಿತ್ತೇ ಹೊರತು ಅಪರಾಧವೆನಿಸಿರಲಿಲ್ಲ.

ಅದು ಅಪರಾಧವಾದದ್ದು ಬೇರೊಬ್ಬರ ಕೈಗೆ ಬಂದಾಗ. 1875ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ ಅಫೀಮು ಸೇದುವ ಅಡ್ಡೆಗಳನ್ನು ನಿಷೇಧಿಸಿತು. ಈ ಅಡ್ಡೆಗಳನ್ನು ನಡೆಸುತ್ತಿದ್ದವರು ಚೀನೀಯರು. ಬಿಳಿಯರು ಅಂಗಡಿಯಿಂದ ತಂದು ಕುಡಿಯುತ್ತಿದ್ದ ಅಫೀಮಿನ ದ್ರಾವಣಕ್ಕೆ ಯಾವ ತೊಡಕೂ ಆಗಲಿಲ್ಲ. 1886ರಲ್ಲಿ ಇಂಥದೇ ಕಾನೂನೊಂದು ಆರೆಗನ್‌ನ ನ್ಯಾಯಾಧೀಶ ಮ್ಯಾಥ್ಯೂ ಡೆಡಿ ಅವರ ಮುಂದೆ ಬಂದಿತು. ಜನರನ್ನು ದುಶ್ಚಟದಿಂದ ಕಾಪಾಡುವುದಕ್ಕಿಂತ ಚೀನೀಯರನ್ನು ಪೀಡಿಸುವ ಆಸೆಯೇ ಇದರ ಹಿಂದೆ ಇರಬಹುದೆಂದು ಅವರು ತೀರ್ಪಿನಲ್ಲಿಯೇ ಸೂಚಿಸಿದರು. ಆದರೂ ಕಾನೂನನ್ನು ಎತ್ತಿಹಿಡಿದರು. ಶಾಸಕಾಂಗಕ್ಕೆ ಅಧಿಕಾರವಿತ್ತಲ್ಲ!

ಮುಂದಿನ ಹೆಜ್ಜೆಗಳಲ್ಲಿ ಒಂದು ವಿಚಿತ್ರ ಅಂತರವಿದೆ. ಮದ್ಯವನ್ನು ದೇಶದಾದ್ಯಂತ ನಿಷೇಧಿಸಬೇಕೆಂಬ ಕೂಗು ಎದ್ದಾಗ ಅಮೆರಿಕನ್ನರು ಸಂವಿಧಾನವನ್ನೇ ತಿದ್ದಿದರು. ಅಂಥ ನಿಷೇಧ ಹೇರುವ ಅಧಿಕಾರ ರಾಷ್ಟ್ರೀಯ ಸರ್ಕಾರಕ್ಕೆ ಇಲ್ಲವೆಂದು ಆಗ ಸಾಮಾನ್ಯವಾಗಿ ಭಾವಿಸಲಾಗಿತ್ತು. ಹದಿನೆಂಟನೆಯ ತಿದ್ದುಪಡಿಗೆ 1919ರ ಜನವರಿಯಲ್ಲಿ ರಾಜ್ಯಗಳ ಅನುಮೋದನೆ ದೊರೆತು, ಮರುವರ್ಷ ಅದು ಜಾರಿಗೆ ಬಂದಿತು. ಮದ್ಯದ ತಯಾರಿಕೆ, ಮಾರಾಟ, ಸಾಗಾಣಿಕೆಗಳನ್ನು ಅದು ನಿಷೇಧಿಸಿತು, ಕುಡಿಯುವುದನ್ನಲ್ಲ. ಪ್ರಯೋಗ ವಿಫಲವೆಂದು ಮನವರಿಕೆಯಾದಾಗ 1933ರಲ್ಲಿ ಮತ್ತೊಂದು ತಿದ್ದುಪಡಿಯಿಂದ ಅದನ್ನು ರದ್ದುಪಡಿಸಿದರು. ತಪ್ಪಿರಬಹುದು, ಆದರೆ ರಾಜಮಾರ್ಗದಲ್ಲಿ ನಡೆದು ಮಾಡಿದ ತಪ್ಪು. ಬಂದ ದಾರಿ ಎಲ್ಲರಿಗೂ ಕಾಣುತ್ತಿದ್ದುದರಿಂದ ಹಿಂದಿರುಗುವ ದಾರಿಯೂ ಕಂಡಿತು.

ಮಾದಕದ್ರವ್ಯಗಳ ನಿಷೇಧ ಬಂದದ್ದು ಹಿತ್ತಲ ಬಾಗಿಲಿನಿಂದ. 1914ರ ಹ್ಯಾರಿಸನ್ ಕಾಯ್ದೆ ಹೆಸರಿಗೆ ಒಂದು ತೆರಿಗೆಯ ಕಾಯ್ದೆ. ಅಫೀಮು ಮತ್ತು ಕೊಕೇನ್ ವ್ಯವಹರಿಸುವ ವೈದ್ಯರೂ ವ್ಯಾಪಾರಿಗಳೂ ನೋಂದಣಿ ಮಾಡಿಸಿಕೊಂಡು ವರ್ಷಕ್ಕೆ ಒಂದು ಡಾಲರ್ ಕಟ್ಟಬೇಕು, ಲೆಕ್ಕ ಇಡಬೇಕು, ಅಷ್ಟೇ. ಆದರೆ 1919ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ಕಾಯ್ದೆಯನ್ನು ಎತ್ತಿಹಿಡಿಯಿತು. ಅದೇ ದಿನದ ಇನ್ನೊಂದು ತೀರ್ಪಿನಲ್ಲಿ, ವ್ಯಸನಿಯ ಚಟವನ್ನು ನಿಭಾಯಿಸಲೆಂದೇ ವೈದ್ಯನು ಬರೆದುಕೊಡುವ ಚೀಟಿ ಚಿಕಿತ್ಸೆಯೇ ಅಲ್ಲವೆಂದು ಹೇಳಿತು. ರೋಗಿ ಅಪರಾಧಿಯಾದ, ವೈದ್ಯ ಸಹಾಪರಾಧಿಯಾದ. 1925ರ ಲಿಂಡರ್ ಪ್ರಕರಣದಲ್ಲಿ ಅದೇ ಕೋರ್ಟು, ವ್ಯಸನಿಗಳು ಚಿಕಿತ್ಸೆಗೆ ಅರ್ಹರಾದ ರೋಗಿಗಳೆಂದು ಒಮ್ಮತದಿಂದ ನುಡಿಯಿತು. ಅಷ್ಟರಲ್ಲಿ ವೈದ್ಯರು ಹೆದರಿ ಹಿಂದೆ ಸರಿದಿದ್ದರು.

1937ರಲ್ಲಿ ಗಾಂಜಾದ ಸರದಿ. ಇಲ್ಲಿಯೂ ತೆರಿಗೆಯದೇ ವೇಷ. ನೋಂದಣಿ ಇಲ್ಲದವನಿಗೆ ಗಾಂಜಾ ವರ್ಗಾಯಿಸಿದರೆ ಔನ್ಸಿಗೆ ನೂರು ಡಾಲರ್ ತೆರಿಗೆ. ಅಮೆರಿಕದ ವೈದ್ಯರ ಸಂಘದ ಪರವಾಗಿ ಡಾ. ವಿಲಿಯಂ ವುಡ್‌ವರ್ಡ್ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಬಂದು ಮಸೂದೆಯನ್ನು ವಿರೋಧಿಸಿದರೂ ಸದಸ್ಯರು ಕಿವಿಗೊಡಲಿಲ್ಲ. ಈ ವೇಷ ಕಳಚಿದ್ದು 1969ರಲ್ಲಿ. ಮೆಕ್ಸಿಕೊ ಗಡಿಯಲ್ಲಿ ಸ್ವಲ್ಪ ಗಾಂಜಾದೊಂದಿಗೆ ಸಿಕ್ಕಿಬಿದ್ದಿದ್ದ ಟಿಮೊಥಿ ಲಿಯರಿಯ ವಾದ ಸರಳವಾಗಿತ್ತು: ತೆರಿಗೆ ಕಟ್ಟಲು ಹೋದರೆ ರಾಜ್ಯದ ಕಾನೂನನ್ನು ಮುರಿದಿದ್ದೇನೆಂದು ನಾನೇ ಒಪ್ಪಿಕೊಂಡಂತೆ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತಪಡಿಸಬಾರದೆಂದು ಐದನೆಯ ತಿದ್ದುಪಡಿ ಹೇಳುತ್ತದೆ. ಕೋರ್ಟು ಒಪ್ಪಿ ಶಿಕ್ಷೆಯನ್ನು ರದ್ದುಗೊಳಿಸಿತು. ಮರುವರ್ಷ ಕಾಂಗ್ರೆಸ್ಸು ತೆರಿಗೆಯ ವೇಷವನ್ನು ಕಳಚಿ, ಅಂತರರಾಜ್ಯ ವಾಣಿಜ್ಯವನ್ನು ನಿಯಂತ್ರಿಸುವ ತನ್ನ ಅಧಿಕಾರವನ್ನು ಆಧರಿಸಿ 1970ರ ಸಮಗ್ರ ಕಾಯ್ದೆಯನ್ನು ಮಾಡಿತು. ಗಾಂಜಾ ಅದರ ಅತ್ಯಂತ ಕಠಿಣವಾದ ಮೊದಲ ಅನುಸೂಚಿಗೆ ಸೇರಿತು. ಅಧ್ಯಯನಕ್ಕೆಂದು ನೇಮಕವಾದ ಶೇಫರ್ ಆಯೋಗ, ಸ್ವಂತ ಬಳಕೆಗೆ ಇಟ್ಟುಕೊಂಡವರನ್ನು ಅಪರಾಧಿಗಳೆಂದು ಎಣಿಸಬಾರದೆಂದು 1972ರಲ್ಲಿ ವರದಿ ಕೊಟ್ಟಿತು. ಅಧ್ಯಕ್ಷ ನಿಕ್ಸನ್ ಅದನ್ನು ಒಪ್ಪಲಿಲ್ಲ.

ಮನೆಯ ಕುಂಡದಲ್ಲಿ ಬೆಳೆದ ಗಿಡಕ್ಕೂ ಅಂತರರಾಜ್ಯ ವಾಣಿಜ್ಯಕ್ಕೂ ಏನು ಸಂಬಂಧ? ಉತ್ತರ ಒಂದು ಗೋಧಿಯ ಹೊಲದಲ್ಲಿದೆ. ಓಹಿಯೊದ ರೈತ ರಾಸ್ಕೊ ಫಿಲ್‌ಬರ್ನ್‌ಗೆ ಸರ್ಕಾರ ನಿಗದಿಪಡಿಸಿದ್ದು 11.1 ಎಕರೆ ಗೋಧಿ. ಆತ ಬಿತ್ತಿದ್ದು 23 ಎಕರೆ. ಹೆಚ್ಚಿನದು ತನ್ನ ದನಕರುಗಳಿಗೆ, ಮನೆಯ ಹಿಟ್ಟಿಗೆ, ಬೀಜಕ್ಕೆ ಎಂದು ಆತ ವಾದಿಸಿದ. ಮನೆಯಲ್ಲಿಯೇ ಬೆಳೆದುಕೊಂಡವನು ಪೇಟೆಯಲ್ಲಿ ಕೊಳ್ಳುವುದಿಲ್ಲ, ಎಲ್ಲರೂ ಹಾಗೆ ಮಾಡಿದರೆ ದೇಶದ ಬೆಲೆಯೇ ಏರುಪೇರಾಗುತ್ತದೆ, ಆದ್ದರಿಂದ ಇದೂ ಕಾಂಗ್ರೆಸ್ಸಿನ ವಾಣಿಜ್ಯಾಧಿಕಾರಕ್ಕೆ ಒಳಪಟ್ಟದ್ದೇ ಎಂದು 1942ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಅರವತ್ತು ವರ್ಷಗಳ ಮೇಲೆ ಆ ಗೋಧಿಯ ತೀರ್ಪು ಮಾನ್ಸನ್‌ರ ಆರು ಗಿಡಗಳ ಮೇಲೆ ಬಂದು ಬಿದ್ದಿತು.

ಆಕೆಯೂ ಏಂಜೆಲ್ ರೈಚ್ ಎಂಬ ಇನ್ನೊಬ್ಬ ರೋಗಿಯೂ ಹೂಡಿದ ಮೊಕದ್ದಮೆ 2005ರ ಜೂನ್ 6ರಂದು ಇತ್ಯರ್ಥವಾಯಿತು. ಗಾಂಜಾ ಬೇರೆ ಔಷಧಗಳು ಫಲಿಸದ ತನ್ನನ್ನು ಜೀವಂತವಾಗಿ ಉಳಿಸಿದೆಯೆಂಬುದು ರೈಚ್‌ರ ಅಹವಾಲಾಗಿತ್ತು. ಆರಕ್ಕೆ ಮೂರರ ಬಹುಮತದಿಂದ ಅವರು ಸೋತರು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಟೀವನ್ಸ್ ರೋಗಿಗಳ ನೋವನ್ನು ಅಲ್ಲಗಳೆಯಲಿಲ್ಲ. ಅದನ್ನು ಕೇಳಬೇಕಾದದ್ದು ಕಾಂಗ್ರೆಸ್ಸು ಎಂದರು. ಭಿನ್ನಮತ ಬರೆದ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಅವರ ನಿಲುವು ನನ್ನನ್ನು ಹೆಚ್ಚು ಕಾಡುತ್ತದೆ. ತಾವು ಕ್ಯಾಲಿಫೋರ್ನಿಯಾದ ಪ್ರಜೆಯಾಗಿದ್ದರೆ ಆ ಕಾನೂನಿಗೆ ಮತ ಹಾಕುತ್ತಿರಲಿಲ್ಲ ಎಂದು ಹೇಳಿಯೂ, ಅಂಥ ಪ್ರಯೋಗ ಮಾಡುವ ಹಕ್ಕು ಆ ರಾಜ್ಯಕ್ಕಿದೆಯೆಂದು ಅವರು ಬರೆದರು. ತನಗೆ ಒಪ್ಪಿಗೆಯಿಲ್ಲದ್ದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಈ ಗುಣವಲ್ಲದೆ ಸ್ವಾತಂತ್ರ್ಯದ ಅರ್ಥ ಬೇರೇನು?

ನ್ಯಾಯದ ಪ್ರಶ್ನೆಯನ್ನು ನೇರವಾಗಿ ಕೇಳಿದ ಸಂದರ್ಭಗಳು ಇಲ್ಲದಿಲ್ಲ. 1962ರ ರಾಬಿನ್ಸನ್ ಪ್ರಕರಣದಲ್ಲಿ, ವ್ಯಸನಿಯಾಗಿರುವುದನ್ನೇ ಅಪರಾಧವೆಂದು ಶಿಕ್ಷಿಸುವುದು ಕ್ರೂರವೂ ಸಂವಿಧಾನಬಾಹಿರವೂ ಎಂದು ಸುಪ್ರೀಂ ಕೋರ್ಟು ಹೇಳಿತು. 1975ರಲ್ಲಿ ಅಲಾಸ್ಕ ರಾಜ್ಯದ ಸುಪ್ರೀಂ ಕೋರ್ಟು, ವಯಸ್ಕನೊಬ್ಬ ತನ್ನ ಮನೆಯಲ್ಲಿ ಸ್ವಂತಕ್ಕಾಗಿ ಗಾಂಜಾ ಇಟ್ಟುಕೊಳ್ಳುವುದನ್ನು ಆ ರಾಜ್ಯದ ಸಂವಿಧಾನದ ಖಾಸಗಿತನದ ಹಕ್ಕು ರಕ್ಷಿಸುತ್ತದೆಂದು ತೀರ್ಪಿತ್ತಿತು. ಮಾರಾಟಕ್ಕಾಗಲಿ, ಅಮಲಿನಲ್ಲಿ ವಾಹನ ನಡೆಸುವುದಕ್ಕಾಗಲಿ ಆ ರಕ್ಷಣೆ ಇರಲಿಲ್ಲ. ಮಿಲ್ ಎಳೆದ ಗೆರೆಗೆ ಇದಕ್ಕಿಂತ ಹತ್ತಿರ ಬಂದ ಅಮೆರಿಕದ ತೀರ್ಪು ನನಗೆ ತಿಳಿದಂತೆ ಇಲ್ಲ.

ಆದರೆ ಕಾಲದ ಗಾಳಿ ಬೇರೆ ದಿಕ್ಕಿಗೆ ಬೀಸಿತು. 1986ರ ಕಾಯ್ದೆಯಂತೆ 5 ಗ್ರಾಂ ಕ್ರ್ಯಾಕ್ ಮಾರಿದವನಿಗೂ 500 ಗ್ರಾಂ ಕೊಕೇನ್ ಪುಡಿ ಮಾರಿದವನಿಗೂ ಕನಿಷ್ಠ ಐದು ವರ್ಷಗಳ ಸೆರೆ. ಎರಡೂ ಮೂಲತಃ ಒಂದೇ ವಸ್ತು. ಕ್ರ್ಯಾಕ್‌ಗಾಗಿ ಶಿಕ್ಷೆಗೊಳಗಾದವರಲ್ಲಿ ಬಹುಪಾಲು ಕಪ್ಪು ಜನ. 1875ರ ಅಡ್ಡೆ ಮತ್ತು ಅಂಗಡಿಗಳ ನಡುವಿನ ಭೇದ ನೂರು ವರ್ಷಗಳ ಮೇಲೆ ತಕ್ಕಡಿಯ ರೂಪದಲ್ಲಿ ಮರಳಿತ್ತು. ಒಂದಕ್ಕೆ ನೂರರ ಈ ಅನುಪಾತವನ್ನು ಒಂದಕ್ಕೆ ಹದಿನೆಂಟಕ್ಕೆ ಇಳಿಸಲು 2010 ಬರಬೇಕಾಯಿತು. 1991ರಲ್ಲಿ ಹಾರ್ಮೆಲಿನ್ ಎಂಬಾತನಿಗೆ 672 ಗ್ರಾಂ ಕೊಕೇನ್ ಇಟ್ಟುಕೊಂಡಿದ್ದಕ್ಕಾಗಿ ಪೆರೋಲ್ ಇಲ್ಲದ ಆಜೀವ ಸೆರೆವಾಸವನ್ನು ಸುಪ್ರೀಂ ಕೋರ್ಟು ಖಾಯಂ ಮಾಡಿತು.

ಈ ಕಥೆಗೆ ನಮ್ಮ ಕಡೆಯ ಎಳೆಯೊಂದಿದೆ. 1947ರಲ್ಲಿ ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗ ರಾಯರು ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಭೇಟಿಯಾದರು. ಕಾನೂನು ನ್ಯಾಯಯುತವೇ ಎಂದು ಅಳೆಯುವ ವಿಶಾಲ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಡುವುದು ಪ್ರಜಾಪ್ರಭುತ್ವಕ್ಕೆ ಹಿತವಲ್ಲವೆಂಬ ಅವರ ಅಭಿಪ್ರಾಯ ರಾಯರ ಮೇಲೆ ಪ್ರಭಾವ ಬೀರಿತು. ನಮ್ಮ 21ನೆಯ ಅನುಚ್ಛೇದದಲ್ಲಿ ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ ಎಂಬ ಎಚ್ಚರದ ಮಾತು ಬಂದದ್ದು ಹಾಗೆ. ಆ ಕಾರ್ಯವಿಧಾನವು ನ್ಯಾಯಯುತವೂ ಆಗಿರಬೇಕೆಂದು ನಮ್ಮ ಸುಪ್ರೀಂ ಕೋರ್ಟು ಹೇಳಿದ್ದು 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ. ನಮ್ಮ 47ನೆಯ ಅನುಚ್ಛೇದ ಮಾದಕ ಪಾನೀಯ ಮತ್ತು ದ್ರವ್ಯಗಳ ನಿಷೇಧಕ್ಕೆ ಪ್ರಯತ್ನಿಸುವಂತೆ ರಾಜ್ಯಕ್ಕೆ ನಿರ್ದೇಶಿಸುತ್ತದೆ. ನಮ್ಮ 1985ರ ಕಾಯ್ದೆಯೂ ಮೊದಲಿಗೆ ಬಹಳ ಕಠಿಣವಾಗಿತ್ತು. ಪ್ರಮಾಣಕ್ಕೆ ತಕ್ಕ ಶಿಕ್ಷೆಯೆಂಬ ವಿವೇಕ ಬಂದದ್ದು 2001ರ ತಿದ್ದುಪಡಿಯಿಂದ. ಆದರೆ ಅದೇ ಕಾಯ್ದೆ ಗಾಂಜಾದ ಹೂತೆನೆಯನ್ನು ನಿಷೇಧಿಸಿ, ಬರಿಯ ಎಲೆಯನ್ನು ಹೊರಗಿಟ್ಟಿತು. ಶಿವರಾತ್ರಿಯ ಭಂಗಿ ಉಳಿದುಕೊಂಡಿತು. ಜನಜೀವನವನ್ನು ಕಂಡು ಎಳೆದ ಗೆರೆ ಅದು.

ಈಗ ಹಿರಿಯರ ಮಾತಿಗೆ ಮರಳುತ್ತೇನೆ. ಅವರ ಮಾತಿನಲ್ಲಿ ಸತ್ಯವಿದೆ. ಆರೆಗನ್ ರಾಜ್ಯ 2020ರಲ್ಲಿ ಎಲ್ಲ ಮಾದಕದ್ರವ್ಯಗಳ ಅಲ್ಪ ಪ್ರಮಾಣದ ಸ್ವಂತ ಬಳಕೆಯನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಬೀದಿಗಳಲ್ಲಿ ಬಹಿರಂಗ ಬಳಕೆಯನ್ನು ಕಂಡು ಬೇಸತ್ತು 2024ರಲ್ಲಿ ಮತ್ತೆ ಅಪರಾಧವೆಂದಿತು. ಅಮೆರಿಕದಲ್ಲಿ 2021ರಲ್ಲಿ ಒಂದೇ ವರ್ಷ ಒಂದು ಲಕ್ಷಕ್ಕೂ ಹೆಚ್ಚು ಜನ ಅತಿಸೇವನೆಯಿಂದ ಸತ್ತರು. ಇವರ ಹಿಂದೆ ಎಷ್ಟು ತಾಯಂದಿರಿದ್ದಾರೋ! ವ್ಯಸನಿಯ ಹಾನಿ ಅವನೊಬ್ಬನಿಗೇ ನಿಲ್ಲುತ್ತದೆಂದು ಮಿಲ್ ಕೂಡ ಹೇಳಲಾರ.

ಆದರೆ ಆ ಲಕ್ಷ ಜನ ಸತ್ತದ್ದು ಬಹುಮಟ್ಟಿಗೆ ನಿಷೇಧ ಜಾರಿಯಲ್ಲಿರುವಾಗಲೇ ಎಂಬುದನ್ನೂ ನೆನೆಯಬೇಕು. ಮನೆಯಲ್ಲೊಬ್ಬ ವ್ಯಸನಿ ಇದ್ದವರಿಗೆ ಬೇಕಾದದ್ದು ಅವನನ್ನು ಬದುಕಿಸುವ ವೈದ್ಯ. ಹ್ಯಾರಿಸನ್ ಕಾಯ್ದೆಯ ತೀರ್ಪು ಮೊದಲು ಹೆದರಿಸಿದ್ದು ಆ ವೈದ್ಯನನ್ನೇ. ಪರರಿಗೆ ಆದ ಹಾನಿಗೆ ಶಿಕ್ಷೆಯಿರಲಿ, ಮಾರುವವನ ಮೇಲೆ ಹತೋಟಿಯಿರಲಿ, ಬೀದಿ ಎಲ್ಲರದಾಗಿರಲಿ. ಬೇನೆಯಿಂದ ನರಳುವ ಹೆಂಗಸಿನ ಮನೆಯ ಆರು ಗಿಡಗಳನ್ನು ಕೀಳುವುದರಿಂದ ಯಾರ ಮಗ ಉಳಿದ?

ಮುಂದಿನ ಕೂಟದಲ್ಲಿ ಹಿರಿಯರು ಸಿಕ್ಕರೆ ಇಷ್ಟನ್ನು ಹೇಳಬೇಕೆಂದಿದ್ದೇನೆ. ಅವರು ಒಪ್ಪಲೇಬೇಕೆಂದಿಲ್ಲ. ಸೋಮವಾರ ಕಚೇರಿಗೆ ಹೋದರೆ ನನ್ನ ಮೇಜಿನ ಮೇಲೂ ಕಡತಗಳಿರುತ್ತವೆ, ಸಕ್ಷಮ ಪ್ರಾಧಿಕಾರ ಯಾವುದೆಂದು ನಾನೂ ಬರೆಯುತ್ತೇನೆ. ಬರೆದು ಮುಗಿಸಿದ ಮೇಲೆ ಎರಡನೆಯ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುವುದಕ್ಕೆ ಯಾವ ನಿಯಮದ ಅಡ್ಡಿಯೂ ಇಲ್ಲ.